ಒಂದೇ ಹಂಚಿನ ಮೇಲೆ ನಾಲ್ಕು ರೊಟ್ಟಿ

ಮನುಷ್ಯನಿಗೆ ಒಂದಲ್ಲ ಒಂದು ಕಡೆ ಅಧ್ಯಕ್ಷನಾಗಬೇಕೆಂಬ ಆಸೆ ಇದ್ದೇ ಇರುತ್ತದೆ. ತನಗಿಲ್ಲ ಎನ್ನುವವರನ್ನು ನಾನು ನಂಬುವುದಿಲ್ಲ. ‘ಇದೆಲ್ಲಾ ಯಾಕ್ರಿ’ ಎನ್ನುತ್ತಲೇ ಹಾರಕ್ಕೆ ಕುತ್ತಿಗೆಯನ್ನು ಒಂದು ಗೇಣು ಮುಂದೆ ಚಾಚುವವರನ್ನು ಧಾರವಾಡದ ಸಭೆಗಳಲ್ಲಿ ಬೇಕಾದಷ್ಟು ನೋಡಿದ್ದೇನೆ. ನನ್ನ ಕುತ್ತಿಗೆಗೆ ಮಾತ್ರ ಯಾರೂ ಹಾರ ತರಲಿಲ್ಲ. ಇಪ್ಪತ್ತು ವರ್ಷಗಳಿಂದ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದೇನೆ. ಸ್ಟಾಫ್ ರೂಮಿನ ಚಹಾ ಕಮಿಟಿಗೂ ನನ್ನನ್ನು ಯಾರೂ ಅಧ್ಯಕ್ಷನನ್ನಾಗಿ ಮಾಡಲಿಲ್ಲ. ಸಪ್ತಾಪುರದ ನಮ್ಮ ಓಣಿಯ ಗಣಪತಿ ಮಂಡಳಿಯ ಪಟ್ಟಿಯಲ್ಲಿ ಒಂದು ವರ್ಷ ನನ್ನ ಹೆಸರು ಬಂದಿತ್ತು, ಆದರೆ ಅದು ಚಪ್ಪಲಿ ಕಾಯುವವರ ಪಟ್ಟಿ. ಹೀಗಾಗಿ ಕೊನೆಗೆ ನಾನು ಅಧ್ಯಕ್ಷನಾದದ್ದು ಕಂಪ್ಯೂಟರಿನ ಒಳಗೆ. ನಗಬೇಡಿ, ಅಲ್ಲಿಯೂ ಚುನಾವಣೆ ಇರುತ್ತದೆ.

ಅದೊಂದು ಒಕ್ಕಲುತನದ ಆಟ. ಇಂಟರ್‌ನೆಟ್ಟಿನಲ್ಲಿ ನಾಲ್ಕಾರು ಊರಿನವರು ಕೂಡಿ ಆಡುವಂಥದ್ದು. ಪ್ರತಿಯೊಬ್ಬರಿಗೂ ಒಂದು ಹೊಲ, ಒಂದು ಜೋಡಿ ಎತ್ತು. ಬಿತ್ತಬೇಕು, ನೀರು ಬಿಡಬೇಕು, ಬೆಳೆದದ್ದನ್ನು ಸಂತೆಗೆ ಒಯ್ಯಬೇಕು. ಏಳು ಮಂದಿ ಸೇರಿದರೆ ಒಂದು ಸಂಘ, ಸಂಘಕ್ಕೊಬ್ಬ ಅಧ್ಯಕ್ಷ. ಈ ಹಂಗಾಮಿಗೆ ಎಲ್ಲರೂ ಏನು ಬಿತ್ತಬೇಕು ಎಂದು ಅಪ್ಪಣೆ ಕೊಡುವವನು ಅವನೇ. ನಮ್ಮ ಸಂಘದ ಏಳು ಮಂದಿಯಲ್ಲಿ ಮೂವರು ಹೊರಗಿನವರು. ಉಳಿದ ನಾಲ್ವರೂ ನಾನೇ.

ಇದು ಸರಿಯೇ ಎಂದು ನೀವು ಕೇಳಬಹುದು. ಒಬ್ಬನೇ ನಾಲ್ಕು ಹೆಸರಿನಲ್ಲಿ ಆಡಬಾರದು ಎಂದು ಆಟದ ನಿಯಮಗಳಲ್ಲಿ ಎಲ್ಲೂ ಬರೆದಿಲ್ಲ. ಬರೆದಿದ್ದರೂ ನಾನು ಅಷ್ಟು ಕೆಳಗಿನವರೆಗೆ ಓದಿಲ್ಲ. ಮೊದಲನೆಯ ಖಾತೆ ನನ್ನದು. ಎರಡನೆಯದು ಹೆಂಡತಿ ಸುವರ್ಣಾಳ ಹೆಸರಿನಲ್ಲಿ, ಅವಳಿಗೆ ತಿಳಿಸದೆ. ಮೂರನೆಯದು ಮುಗದದಲ್ಲಿರುವ ಅವಳ ತಂದೆ ರುದ್ರಗೌಡರ ಹೆಸರಿನಲ್ಲಿ. ಅವರು ನಿಜವಾದ ಒಕ್ಕಲಿಗರು, ಕಂಪ್ಯೂಟರನ್ನು ದೂರದಿಂದ ಕೂಡ ನೋಡಿದವರಲ್ಲ. ನಾಲ್ಕನೆಯದು ನನ್ನ ಸೋದರಮಾವ ಚನ್ನಬಸಪ್ಪನವರದು. ಅವರು ತೀರಿಕೊಂಡು ಬಹಳ ವರ್ಷಗಳಾದವು. ಆದರೆ ಬದುಕಿದ್ದಾಗ ಒಂದು ಚುನಾವಣೆಯಲ್ಲೂ ಮತ ಹಾಕುವುದನ್ನು ತಪ್ಪಿಸಿದವರಲ್ಲ, ಈಗ ಮಾತ್ರ ಯಾಕೆ ತಪ್ಪಿಸಬೇಕು ಎಂದು ಅವರನ್ನೂ ಸೇರಿಸಿಕೊಂಡೆ.

ನಾಲ್ಕು ಹೊಲ ಉಳುವುದು ದೊಡ್ಡ ಕೆಲಸವಲ್ಲ. ಕಷ್ಟ ಇರುವುದು ಮರ್ಯಾದೆಯಲ್ಲಿ. ನಮ್ಮ ಕಡೆಯ ನಾಲ್ಕು ಮಂದಿ ಆಟದೊಳಗಿನ ಒಂದೇ ಕಟ್ಟೆಯ ಮೇಲೆ ನಿಂತು ಪರಸ್ಪರ ಮಾತಾಡದೆ ಇದ್ದರೆ ನೋಡಿದವರು ಏನೆಂದುಕೊಂಡಾರು? ಬೇರೆ ಊರಿನವನಾಗಿದ್ದರೆ ಸುಮ್ಮನೆ ಆಡಿ ಹೋಗುತ್ತಿದ್ದ. ನಾನು ಮಾತ್ರ ಪ್ರತಿ ಬೆಳಿಗ್ಗೆ ಪರದೆಯ ಒಂದು ಕಿಟಕಿಯಲ್ಲಿ ‘ಬರ್ರಿ ಗೌಡ್ರ, ನಾಷ್ಟಾ ಆತ್ರಿ?’ ಎಂದು ಬರೆದು, ಇನ್ನೊಂದು ಕಿಟಕಿಗೆ ಓಡಿ ‘ಆತ್ರಿ, ನಿಮ್ಮದು?’ ಎಂದು ಉತ್ತರಿಸಿ, ಮೂರನೆಯದಕ್ಕೆ ಹೋಗಿ ಸೋದರಮಾವನಿಂದ ಇಬ್ಬರನ್ನೂ ಚಹಾಕ್ಕೆ ಕರೆಸುತ್ತಿದ್ದೆ. ಒಂದು ದಿನ ಗಡಿಬಿಡಿಯಲ್ಲಿ ಸೋದರಮಾವನ ಬಾಯಿಂದಲೇ ‘ಚನ್ನಬಸಪ್ಪನವ್ರ ತಬ್ಬೇತ ಹ್ಯಾಂಗೈತ್ರಿ?’ ಎಂದು ಕೇಳಿಸಿಬಿಟ್ಟೆ. ಅದೃಷ್ಟಕ್ಕೆ ಯಾರಿಗೂ ಅನುಮಾನ ಬರಲಿಲ್ಲ. ಸಂಘದಲ್ಲಿ ‘ಹತ್ತಿರಾಜ’ ಎಂಬ ಹೆಸರಿಟ್ಟುಕೊಂಡಿದ್ದ ಕುಂದಗೋಳದ ಹತ್ತಿ ವ್ಯಾಪಾರಿಯೊಬ್ಬರಂತೂ, ‘ನಿಮ್ಮ ನಾಕೂ ಮಂದಿ ಒಗ್ಗಟ್ಟು ನೋಡಿ ಕಲಿಬೇಕ್ರಿ’ ಎಂದು ಬರೆದರು. ಒಂದೊಂದಾಗಿ ನಾಲ್ಕೂ ಖಾತೆಗಳಿಂದ ಅವರಿಗೆ ಧನ್ಯವಾದ ಹೇಳಿದೆ.

ಅಲ್ಲಿಯವರೆಗೆ ಅವಿರೋಧವಾಗಿ ಆರಿಸಿ ಬರುತ್ತಿದ್ದ ನನಗೆ ಆ ಹತ್ತಿರಾಜರೇ ಎದುರು ನಿಂತರು. ಕಾರಣ ಟೊಮ್ಯಾಟೊ. ಸತತ ಮೂರು ಹಂಗಾಮು ನಾನು ಏಳೂ ಹೊಲಗಳಿಗೆ ಟೊಮ್ಯಾಟೊ ಹಚ್ಚಿಸಿದ್ದೆ. ಪರದೆಯ ಮೇಲೆ ಕೆಂಪಗೆ ಬಹಳ ಛಲೋ ಕಾಣುತ್ತಿತ್ತು, ಅಷ್ಟೇ. ಒಬ್ಬೊಬ್ಬರು ಒಂದೊಂದು ಬೆಳೆ ಬೆಳೆಯಬೇಕು ಎಂದು ಹತ್ತಿರಾಜರ ವಾದ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚುನಾವಣೆ ಎಂದು ನಿಗದಿಯಾಯಿತು. ಹತ್ತು ನಿಮಿಷದೊಳಗೆ ಸದಸ್ಯರು ಆಟದ ಕಟ್ಟೆಗೆ ಬಂದು ಕೈ ಎತ್ತಬೇಕು. ಅವರ ಕಡೆ ಮೂರು ಕೈ, ನನ್ನ ಕಡೆ ನಾಲ್ಕು. ನಾಲ್ಕೂ ಒಟ್ಟಿಗೆ ಎದ್ದರೆ ನಾನು ಅಧ್ಯಕ್ಷ, ಒಂದು ಏಳದಿದ್ದರೆ ಬಹುಮತ ತಪ್ಪಿ ಮತ್ತೆ ಚಪ್ಪಲಿ ಕಾಯುವುದೇ ಗತಿ.

ಆದರೆ ನನ್ನ ಕಂಪ್ಯೂಟರಿಗೆ ನಾಲ್ಕು ಆಟಗಳನ್ನು ಒಟ್ಟಿಗೆ ತೆರೆಯುವ ತ್ರಾಣವಿರಲಿಲ್ಲ. ಮೊದಲನೆಯದು ತೆರೆಯುವಷ್ಟರಲ್ಲಿ ನನ್ನ ಸ್ನಾನ ಆಗುತ್ತಿತ್ತು, ಎರಡನೆಯದಕ್ಕೆ ಪೂಜೆ. ಮೂರನೆಯದಕ್ಕೆ ಒಳಗಿನಿಂದ ಹಿಟ್ಟಿನ ಗಿರಣಿಯಂಥ ಗರಗರ ಸದ್ದು. ನಾಲ್ಕನೆಯದಾದ ಸೋದರಮಾವ ಕಟ್ಟೆಗೆ ಬರುತ್ತ ಬರುತ್ತ ಒಂದು ಕಾಲು ಎತ್ತಿದವರು ಹಾಗೆಯೇ ನಿಂತುಬಿಡುತ್ತಿದ್ದರು. ನಮ್ಮ ಕಾಲೇಜಿನ ಭೌತಶಾಸ್ತ್ರದವರೊಬ್ಬರು, ‘ಆ ತಿರುಗೋ ಹಾರ್ಡ್ ಡಿಸ್ಕ್ ತಗದು ಎಸ್‌ಎಸ್‌ಡಿ ಹಾಕಸ್ರಿ, ಗಾಳಿ ಹಂಗ ಓಡತೈತಿ’ ಎಂದರು. ಯಾಕೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಖಾದರಭಾಯಿ ಎಂಬವರದೊಂದು ಕಂಪ್ಯೂಟರ್ ರಿಪೇರಿ ಅಂಗಡಿ ಇದೆ. ಕಂಪ್ಯೂಟರನ್ನು ಹಳೆಯ ಕೌದಿಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಪಕ್ಕದ ಸೀಟಿನ ಅಜ್ಜಿ ಕೂಸೆಂದು ತಿಳಿದು ಕೌದಿಯ ಮೇಲೆ ಮೆಲ್ಲಗೆ ತಟ್ಟಿದರು. ಖಾದರಭಾಯಿ ಅದನ್ನು ಬಿಚ್ಚಿ, ಚಾಲೂ ಮಾಡಿ, ‘ಏನ್ ಕೆಲಸಕ್ಕ ಬಳಸ್ತೀರ್ರಿ ಸರ?’ ಎಂದರು. ಗಂಭೀರವಾಗಿ, ‘ಕೃಷಿ ಸಂಶೋಧನಾ’ ಎಂದೆ. ಅಷ್ಟರಲ್ಲಿ ಪರದೆಯ ಮೇಲೆ ನಾಲ್ಕು ಜೋಡಿ ಎತ್ತಿನ ಚಿತ್ರಗಳು ಬಂದವು. ದೊಡ್ಡ ಮನುಷ್ಯ, ನಗಲಿಲ್ಲ.

‘ಖರೇ ಹೇಳ್ಲ್ಯಾ ಸರ? ಎಸ್‌ಎಸ್‌ಡಿ ಹಾಕಿದ್ರ ನಾಕೂ ಲಗೂ ತೆರಕೋತಾವ. ಆದ್ರ ನಾಕೂ ಕೂಡಿ ಓಡಬೇಕಂದ್ರ ರ‍್ಯಾಮ್ ಬೇಕ್ರಿ. ನಿಮ್ಮ ಮಷೀನಿಗೆ ಇರೋದ ಇಷ್ಟ, ಇನ್ನೊಂದು ಹಾಕಾಕ ಜಾಗಾನೂ ಇಲ್ಲ’ ಎಂದರು ಖಾದರಭಾಯಿ.

‘ಎರಡಕ್ಕೂ ಏನ್ ಫರಕ್ರಿ?’ ಎಂದೆ.

‘ಎಸ್‌ಎಸ್‌ಡಿ ಅಂದ್ರ ಹಿಟ್ಟಿನ ಡಬ್ಬಿ ಕೈಗೆ ಸಿಗೋ ಹಂಗ ಇಟ್ಟಂಗ್ರಿ. ಮೊದಲಿಂದ ಅಟ್ಟದ ಮ್ಯಾಲಿತ್ತು, ಈಗ ಒಲಿ ಬಾಜೂಕ ಬಂತು. ಆದ್ರ ರೊಟ್ಟಿ ಬೇಯೋದು ಹಂಚಿನ ಮ್ಯಾಲ. ರ‍್ಯಾಮ್ ಅಂದ್ರ ಹಂಚು. ಸಣ್ಣ ಹಂಚಿನ ಮ್ಯಾಲ ನಾಕು ರೊಟ್ಟಿ ಹ್ಯಾಂಗ ಹಾಕ್ತೀರಿ? ಅರ್ಧಾ ಬೆಂದಿದ್ದು ತಗದು ಬಾಜೂಕ ಇಟ್ಟು, ಇನ್ನೊಂದು ಹಾಕಿ, ಹಂಗ ಹಿಂಗ ಮಾಡಿ ಮೂರರ ತನಕಾ ನಡೀತೈತಿ. ನಾಕನೇದ್ದು ನನ್ನ ಕಡೆ ಕೇಳಬ್ಯಾಡ್ರಿ.’

ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ಬುದ್ಧಿ ಇದ್ದವನು ಕೌದಿ ಸುತ್ತಿಕೊಂಡು ಮನೆಗೆ ಬರುತ್ತಿದ್ದ. ನಾನು, ‘ಇರ್ಲಿ, ಹಾಕ್ರಿ’ ಎಂದೆ. ಅಧಿಕಾರದ ಆಸೆ ಹಾಗೆಯೇ. ಮನೆಗೆ ತಂದು, ಭಾನುವಾರ ಬೆಳಿಗ್ಗೆ ಜೋಡಿಸಿದಾಗ ಸುವರ್ಣಾ, ಹೊಸ ಸಾಮಾನು ಒಳಗೆ ಸೇರಿದೆಯೆಂದು ಕಂಪ್ಯೂಟರಿಗೆ ಮೂರು ಬೆರಳು ವಿಭೂತಿ ಹಚ್ಚಿದಳು. ಗುಂಡಿ ಒತ್ತಿದರೆ, ನಾನು ಕುರ್ಚಿಯ ಮೇಲೆ ಕೂರುವ ಮೊದಲೇ ಅದು ಎದ್ದು ಕೂತಿತ್ತು. ಆಟ ಪಟಪಟನೆ ನಾಲ್ಕು ಸಲ ತೆರೆಯಿತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಅರ್ಧ ನಿಮಿಷ ಕಳೆಯಿತು. ಸೋದರಮಾವ ಮತ್ತೆ ಒಂದು ಕಾಲು ಎತ್ತಿ ನಿಂತರು. ಈ ಸಲ ಬಹಳ ಬೇಗ ಬಂದು ನಿಂತರು ಎಂಬುದಷ್ಟೇ ವ್ಯತ್ಯಾಸ.

ಚುನಾವಣೆಗೆ ಉಳಿದದ್ದು ಒಂದೇ ತಾಸು. ಅಡುಗೆಮನೆಗೆ ಹೋಗಿ, ರೊಟ್ಟಿ ಬಡಿಯುತ್ತಿದ್ದ ಸುವರ್ಣಾಳ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಖಾದರಭಾಯಿಯ ಹಂಚಿನ ಮಾತನ್ನು ನನ್ನದೇ ಎನ್ನುವಂತೆ ವಿವರಿಸಿದೆ.

‘ಅಷ್ಟ ಹೌದಲ್ರಿ? ಒಂದನ್ನ ಬ್ಯಾರೆ ಒಲಿ ಮ್ಯಾಲ ಹಾಕ್ರಿ. ನನ್ನ ಮೊಬೈಲ್ ಇಲ್ಲೇನು? ನನ್ನ ಹೆಸರಿಂದು ನನಗ ಕೊಡ್ರಿ, ನಾನ ಕೈ ಎತ್ತತೇನಿ’ ಎಂದಳು.

ಇಪ್ಪತ್ತು ವರ್ಷ ಪಾಠ ಹೇಳಿದವನಿಗೆ ಹೊಳೆಯದ ಉಪಾಯ. ಸಂತೋಷದಿಂದ ಅವಳ ಖಾತೆಯನ್ನು ಅವಳ ಮೊಬೈಲಿಗೆ ಹಾಕಿಕೊಟ್ಟೆ. ಮಾಡಿದ ತಪ್ಪು ಅದೇ. ಖಾತೆಯ ಜೊತೆ ಹಳೆಯ ಮಾತುಕತೆಯೆಲ್ಲಾ ಅವಳ ಕೈಗೆ ಹೋಯಿತು. ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಕೂತು ಓದತೊಡಗಿದಳು.

‘ಅಲ್ರೀ, “ನಮ್ಮ ಅಧ್ಯಕ್ಷರು ಹೇಳಿದ ಮ್ಯಾಲ ಮುಗೀತು, ಅವರಷ್ಟು ಶಾಣ್ಯಾರು ಈ ತಾಲೂಕಿನ್ಯಾಗ ಇಲ್ಲ” ಅಂತ ಬರದೈತಿ. ಇದನ್ನ ನಾ ಯಾವಾಗ ಅಂದೇನಿ?’

‘ಮನಸ್ಸಿನ್ಯಾಗ ಅಂದಿರ್ತಿ ಅಂತ ತಿಳಕೊಂಡೆ.’

‘ಅಪ್ಪಾರೂ ಅದಾರಲ್ಲ ಇಲ್ಲೆ. ಅಪ್ಪಾರ ಹೊಲದಾಗೂ ಟೊಮ್ಯಾಟೊ ಹಚ್ಚೀರಿ? ಏಳೂ ಮಂದಿ ಟೊಮ್ಯಾಟೊ ಹಚ್ಚಿದ್ರ ಸಂತಿಯೊಳಗ ಯಾರು ಕೇಳ್ತಾರ್ರಿ? ನಮ್ಮ ಮುಗದದಾಗ ಹಿಂಗ ಮಾಡಿದ್ರ ಕಟ್ಟಿ ಮ್ಯಾಲ ಕೂಡಾಕ ಬಿಡೂದಿಲ್ಲ.’

‘ಅದು ಆಟ ಸುವರ್ಣಾ’ ಎಂದೆ. ಅವಳು ಆಗಲೇ ಬೆರಳಿನಿಂದ ಪರದೆಯನ್ನು ಮುಂದೆ ಸರಿಸಿದ್ದಳು. ಹತ್ತಿರಾಜರು ಬರೆದದ್ದನ್ನು ಓದುತ್ತಿದ್ದಳು.

ಹನ್ನೊಂದು ಹೊಡೆಯಿತು. ಕಂಪ್ಯೂಟರಿನಲ್ಲಿ ನಾನು, ಮಾವನವರು, ಸೋದರಮಾವ, ಮೊಬೈಲಿನಲ್ಲಿ ಸುವರ್ಣಾ. ಹಂಚು ಹಗುರಾದದ್ದಕ್ಕೆ ಸೋದರಮಾವ ಎರಡೂ ಕಾಲೂರಿ ನಡೆದು ಬಂದು ಎಲ್ಲರಿಗೂ ನಮಸ್ಕಾರ ಹೇಳಿದರು. ಮೊದಲು ಹತ್ತಿರಾಜರ ಹೆಸರು ಕೂಗಲಾಯಿತು. ಅವರ ಮೂರು ಕೈ ಎದ್ದವು. ಆಮೇಲೆ ಕಟ್ಟೆಯ ಮೂಲೆಯಲ್ಲಿ ನಾಲ್ಕನೆಯದೊಂದು ಕೈ ಎದ್ದಿತು.

‘ಕೈ ತಪ್ಪಿ ಎತ್ತೀದಿ ನೋಡು, ಲಗೂನ ಇಳಸು’ ಎಂದೆ.

‘ತಪ್ಪಿಲ್ರಿ’ ಎಂದಳು ಸುವರ್ಣಾ. ‘ಅವರಿಗೆ ಒಕ್ಕಲುತನ ತಿಳಿತೈತಿ.’

ನನ್ನ ಹೆಸರು ಬಂದಾಗ ಮೂರು ಕೈ ಎದ್ದವು. ಮೂರೂ ನನ್ನವೇ. ಅದರಲ್ಲೊಂದು ಸತ್ತವರದು. ಎಷ್ಟು ಬೇಸರವಾಯಿತೆಂದು ಹೇಳಿದರೆ ನೀವು ನಗುತ್ತೀರಿ. ಸೋತ ಮೇಲೂ ಧಾರವಾಡದ ಮರ್ಯಾದೆ ಬಿಡಲಾದೀತೇ? ಮೂರು ಕಿಟಕಿಗಳಿಗೂ ಹೋಗಿ ಮೂರು ಸಲ ‘ಅಭಿನಂದನೆಗಳ್ರಿ’ ಎಂದು ಬರೆದೆ. ಎಸ್‌ಎಸ್‌ಡಿಯ ಪ್ರತಾಪ ಆಗ ಗೊತ್ತಾಯಿತು. ಹೊಸ ಅಧ್ಯಕ್ಷರ ಹಾರ ಹಾಕಿದ ಚಿತ್ರ ಒಂದು ಕ್ಷಣವೂ ತಡವಿಲ್ಲದೆ ಮೂರೂ ಕಿಟಕಿಗಳಲ್ಲಿ ಒಟ್ಟಿಗೆ ತೆರೆದುಕೊಂಡಿತು.

ಈಗ ಸುವರ್ಣಾ ಆ ಸಂಘದ ಉಪಾಧ್ಯಕ್ಷೆ. ಅವಳ ಹೊಲದಲ್ಲಿ ಭತ್ತ, ಅವಳಪ್ಪನ ಹೊಲದಲ್ಲಿ ಮೆಣಸಿನಕಾಯಿ, ಸೋದರಮಾವನ ಹೊಲದಲ್ಲಿ ಶೇಂಗಾ. ಸಂತೆಯಲ್ಲಿ ನಮ್ಮ ಸಂಘಕ್ಕೆ ಒಳ್ಳೆಯ ಹೆಸರು ಬಂದಿದೆಯಂತೆ. ನನ್ನ ಹೊಲಕ್ಕೆ ಮಾತ್ರ ಈ ಹಂಗಾಮಿಗೆ ಏನೂ ಬಿತ್ತದೆ ಬಿಡಬೇಕೆಂದು ಸರ್ವಾನುಮತದಿಂದ ಠರಾವು ಆಗಿದೆ. ಟೊಮ್ಯಾಟೊ ಹಾಕಿ ಹಾಕಿ ಮಣ್ಣು ದಣಿದಿದೆಯಂತೆ. ಬೆಳಿಗ್ಗೆ ಅವಳು ನನ್ನ ಕುರ್ಚಿಯಲ್ಲಿ ಕೂತು ಎಲ್ಲರ ಹೊಲಕ್ಕೂ ನೀರು ಬಿಡುತ್ತಾಳೆ. ನಾನು ಅವಳ ಜಾಗದಲ್ಲಿ, ಒಲೆಯ ಮುಂದೆ ನಿಂತಿರುತ್ತೇನೆ. ಒಂದು ಹಂಚು, ಅದರ ಮೇಲೆ ಒಂದೇ ಒಂದು ರೊಟ್ಟಿ, ಅದೂ ಅರ್ಧಕ್ಕೆ ಕಚ್ಚಿಕೊಂಡು ಮೇಲೇಳುವುದಿಲ್ಲ. ಹಿಟ್ಟಿನ ಡಬ್ಬಿಯೇನೋ ಬಹಳ ಬೇಗ ಕೈಗೆ ಸಿಗುತ್ತದೆ.