ಮುಂದಿನ ಸಾಲಿಗೊಂದು ಸೀಬೆಮರ

"ಈ ಸಲ ಆಫೀಸಿನ ಗ್ರೂಪ್ ಫೋಟೋದಲ್ಲಿ ಮುಂದಿನ ಸಾಲಲ್ಲಿ ಕೂರದೆ ಇದ್ರೆ ನನ್ನ ಹೆಸರೇ ಬದಲಾಯಿಸ್ಕೋತೀನಿ!" ಎಂದು ನೀರು ಸರಬರಾಜು ಕಚೇರಿಯ ಹೆಡ್ ಕ್ಲರ್ಕ್ ಘರ್ಜಿಸಿದರು.

"ಅದು ಯಾವತ್ತೋ ಬದಲಾಗಿದೆಯಲ್ಲ! ಎಲ್ರೂ ಕನ್ನಡಿ ಸಾಹೇಬ್ರು ಅಂತಾನೇ ಕರೆಯೋದು," ಎಂದರು ಹೆಂಡತಿ, ಬಟ್ಟೆ ಮಡಚುತ್ತಾ.

ಕರೆಯುವವರ ತಪ್ಪೇನಿಲ್ಲ. ಸಾಹೇಬರ ತಲೆ ಅಷ್ಟು ನುಣ್ಣಗೆ, ಅಷ್ಟು ಫಳಫಳ. ಪ್ರತಿ ವರ್ಷವೂ ಫೋಟೋಗ್ರಾಫರ್, "ಸಾರ್, ಫ್ಲ್ಯಾಶ್ ಬೆಳಕು ನಿಮ್ಮ ತಲೆಗೆ ಬಡಿದು ವಾಪಸ್ ಬರ್ತಿದೆ, ಸ್ವಲ್ಪ ಹಿಂದೆ ಹೋಗಿ," ಎನ್ನುತ್ತಿದ್ದ. ಹಿಂದೆ ಹೋಗಿ ಹೋಗಿ, ಕಳೆದ ವರ್ಷದ ಫೋಟೋದಲ್ಲಿ ಅವರದೆಂದು ಒಂದು ಕಿವಿ ಮಾತ್ರ ಉಳಿದಿತ್ತು. ಅದೂ ಅಟೆಂಡರನದು ಎಂದು ಹೆಂಡತಿಯ ವಾದ! ಸಾಹೇಬರಿಗೆ ನಿಜಕ್ಕೂ ನೋವಾಗಿತ್ತು.

ಸೀಬೆ ಎಲೆ ಕುದಿಸಿದ ನೀರು ಹಚ್ಚಿದರೆ ಬೋಳುತಲೆಯಲ್ಲೂ ಕೂದಲು ಹುಟ್ಟುತ್ತದೆಂದು ಯಾರೋ ಹೇಳಿದ್ದೇ ತಡ, ಹಿತ್ತಲಿನ ಸೀಬೆಮರಕ್ಕೆ ಗ್ರಹಚಾರ ಶುರುವಾಯಿತು. ದಿನಾ ಎಲೆ ಕಿತ್ತರು, ಕುದಿಸಿದರು, ಹಚ್ಚಿದರು. ತಿಂಗಳಾಗುವಷ್ಟರಲ್ಲಿ ಮರವೂ ಬೋಳಾಯಿತು! ಕೂದಲಿನ ಸುಳಿವೇ ಇಲ್ಲ.

ನಾಳೆ ಫೋಟೋ ಎನ್ನುವಾಗ ಸಾಹೇಬರ ಕಣ್ಣು ಕಬ್ಬಿಣದ ಬಾಣಲೆಯ ಮೇಲೆ ಬಿತ್ತು.

"ಸ್ಟೀಲ್ ಪಾತ್ರೇಲಿ ಸತ್ವ ಇಳಿಯಲ್ಲ ಕಣೇ. ಇದರಲ್ಲಿ ಕುದಿಸಿದ್ರೆ ಕೂದಲು ಕಬ್ಬಿಣದ ಹಾಗೆ ಎದ್ದು ನಿಲ್ಲುತ್ತೆ!"

"ಬೇಡ ರೀ. ಸೀಬೆ ಎಲೆ ಒಗರು. ಒಗರು ಕಬ್ಬಿಣಕ್ಕೆ ಸೇರಿದ್ರೆ ಕಪ್ಪು ಬಿಡುತ್ತೆ. ನಮ್ಮಮ್ಮ ಬಟ್ಟೆಗೆ ಹಾಗೇ ಬಣ್ಣ ಹಾಕ್ತಿದ್ರು."

"ನಿಮ್ಮಮ್ಮನ ಬಟ್ಟೆಯೇ ಬೇರೆ, ನನ್ನ ತಲೆಯೇ ಬೇರೆ!"

ಮರದ ತುದಿಯಲ್ಲಿ ಅಳಿದುಳಿದಿದ್ದ ಎಲೆಯೆಲ್ಲ ಬಾಣಲೆ ಸೇರಿತು. ಕಷಾಯ ಮಸಿಯಂತಾಯಿತು. ಎಲ್ಲ ಸತ್ವವೇ ಎಂದು ಹಿಗ್ಗಿದ ಸಾಹೇಬರು ತಲೆಗೆ ಸುರಿದುಕೊಂಡು, ಟವೆಲ್ ಬಿಗಿದು ಹಾಯಾಗಿ ಮಲಗಿದರು.

ಬೆಳಿಗ್ಗೆ ಟವೆಲ್ ಬಿಚ್ಚಿದರೆ ತಲೆ ಥೇಟ್ ಬಾಣಲೆಯ ತಳ! ಸೋಪು ಹಾಕಿದರು, ಕಡಲೆಹಿಟ್ಟು ಹಾಕಿದರು, ಕೊನೆಗೆ ಹೆಂಡತಿ ಪಾತ್ರೆ ತಿಕ್ಕುವ ನಾರನ್ನೇ ಹಿಡಿದರು. ತಲೆಗೆ ಸುರಿದ ನೀರು ಕಾಲಿಗೆ ಬರಲೇಬೇಕು ಎಂಬ ಗಾದೆ ಅಂದು ಸುಳ್ಳಾಯಿತು. ಒಂದು ತೊಟ್ಟು ಬಣ್ಣವೂ ಕೆಳಗಿಳಿಯಲಿಲ್ಲ.

"ರಜೆ ಹಾಕಿಬಿಡ್ತೀನಿ," ಎಂದು ಸಾಹೇಬರು ಕುಸಿದು ಕೂತರು.

"ಹಾಕಿ, ಯಾರು ಬೇಡ ಅಂದ್ರು? ಈ ವರ್ಷ ಆ ಕಿವಿಯೂ ಇರಲ್ಲ ಅಷ್ಟೇ."

ಸಾಹೇಬರು ತಟ್ಟನೆ ಎದ್ದು ಹೊರಟರು.

ಕಚೇರಿಯಲ್ಲಿ ಕಂಡಕಂಡವರೆಲ್ಲ ಫೈಲಿನ ಹಿಂದೆ ಮುಖ ಮರೆಸಿಕೊಂಡರು. ಫೋಟೋಗ್ರಾಫರ್ ಮಾತ್ರ ಕುಣಿದಾಡಿದ. "ಸಾರ್! ಒಂದು ಚೂರೂ ಹೊಳೀತಿಲ್ಲ! ಬನ್ನಿ, ಮುಂದಿನ ಸಾಲು, ಮ್ಯಾನೇಜರ್ ಪಕ್ಕದ ಕುರ್ಚಿ!"

ಸಾಹೇಬರು ಎದೆಯುಬ್ಬಿಸಿ ಕೂತರು. ಫ್ಲ್ಯಾಶ್ ಬಿದ್ದಾಗ ಕಣ್ಣು ಕೂಡ ಮಿಟುಕಿಸಲಿಲ್ಲ.

ಫೋಟೋ ಕೈಗೆ ಬಂದ ದಿನ ಕಟ್ಟು ಹಾಕಿಸಿಯೇ ಮನೆಗೆ ತಂದರು. "ನೋಡು! ಕಿವಿ ಎರಡೂ ಇದೆ!"

ಹೆಂಡತಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೊಮ್ಮೆ ನೋಡಿದರು. ನಗು ತಡೆಯಲಾಗದೆ ಗೋಡೆ ಹಿಡಿದುಕೊಂಡರು.

"ಕಿವಿಯೇನೋ ಇದೆ ರೀ. ಆದ್ರೆ ಮ್ಯಾನೇಜರ್ ಸಮೇತ ಇಡೀ ಆಫೀಸು ನಿಮ್ಮ ತಲೆ ನೋಡ್ತಾ ಕೂತಿದೆ. ಕ್ಯಾಮೆರಾ ನೋಡಿರೋದು ನೀವೊಬ್ಬರೇ!"