ಒಲೆ ಪಕ್ಕದ ಕುರ್ಚಿ

ಎಲ್ಲ ರಾಮಾಯಣಕ್ಕೂ ಮೂಲ ಆ ಕುರ್ಚಿ. ಲಾನ್ ಹೊಳೆಯ ದಂಡೆಯ ಬಿಯರ್ ಅಂಗಡಿಯಲ್ಲಿ, ಹಸಿರು ಹೆಂಚಿನ ಒಲೆಗೆ ಬೆನ್ನು ತಾಗುವಂತೆ ಇದ್ದ ಒಂದೇ ಒಂದು ಮೆತ್ತೆಯ ಕುರ್ಚಿ. ಅಂಚೆ ಗುಮಾಸ್ತ ಆಲ್ವಿನ್ ಕ್ನೋಬೆಲ್ ಹನ್ನೊಂದು ಚಳಿಗಾಲವನ್ನು ಬಾಗಿಲ ಬಳಿಯ ಮುಕ್ಕಾಲಿಯ ಮೇಲೆ ಕಳೆದಿದ್ದ. ಯಾರೇ ಒಳಗೆ ಬರಲಿ, ಹಿಮಗಾಳಿ ಮೊದಲು ಅವನ ಮೊಣಕಾಲನ್ನೇ ಮಾತಾಡಿಸುತ್ತಿತ್ತು.

ಅಲ್ಲಿ ಸೇರುವ ಜರ್ಮನ್ ಭಾಷಾಶುದ್ಧಿ ಸಂಘಕ್ಕೆ ಹಾರ್ಟ್‌ವಿಗ್ ಮೇಷ್ಟ್ರು ಅಧ್ಯಕ್ಷರು. ಅವರದೇ ಕೈಬರಹದ ನಿಯಮ: ಪಂದ್ಯದ ದಿನ ಚರ್ಚಿನ ಬೆಳಗಿನ ಗಂಟೆಯಿಂದ ಸಂಜೆ ಆರರ ಗಂಟೆಯವರೆಗೆ, ಫ್ರೆಂಚಿನಿಂದ ಬಂದ ಒಂದೂ ಪದ ಆಡದ ಸದಸ್ಯನಿಗೆ ಆ ಚಳಿಗಾಲವಿಡೀ ಕುರ್ಚಿ. ಸದಸ್ಯರು ಒಂಬತ್ತು ಜನ. ಹಿಂದೊಮ್ಮೆ ತಮಾಷೆಗೆ ಪಟ್ಟಿಗೆ ಸೇರಿಸಿದ ಅಂಗಡಿಯ ಗಿಡ್ಡಗಾಲಿನ ನಾಯಿ ವಾಲ್ಡಿ ಹತ್ತನೆಯದು.

ಪಂದ್ಯದ ಬೆಳಿಗ್ಗೆ ಮನೆಯೊಡತಿ ವಾಲ್ಬುರ್ಗಮ್ಮ ಆಲ್ವಿನನನ್ನು ಕೇಳಿದಳು, "ತಿನ್ನೋಕೆ ಏನ್ ಮಾಡ್ಲಪ್ಪ?"

"ಮೊಟ್ಟೆ ಒಡೆದು... ಕಲಸಿ... ಬಾಣಲೇಲಿ ಹರಡಿ... ಮಡಚಿ..."

"ಅದಕ್ಕೊಂದು ಹೆಸರಿಲ್ವಾ?"

ಎದುರುಮನೆಯ ಮೂರು ಕಿಟಕಿಗಳು ಒಟ್ಟಿಗೆ ತೆರೆದುಕೊಂಡವು.

"ಬರೀ ರೊಟ್ಟಿ ಸಾಕಮ್ಮ!"

ಮಧ್ಯಾಹ್ನ ಕಟುಕನ ಅಂಗಡಿಯಲ್ಲಿ ಪಕ್ಕೆಲುಬಿನ ಮಾಂಸದ ತುಂಡಿಗೆ ಕಟ್ಲೆಟ್ ಎನ್ನಲಾರದೆ ತನ್ನ ಪಕ್ಕೆಲುಬನ್ನೇ ತಟ್ಟಿ ತೋರಿಸಿದ. ಕಟುಕನ ಹೆಂಡತಿ ನಕ್ಕು, "ನೋವಾ? ಎಣ್ಣೆ ತಿಕ್ಕೋ ಹೋಗು!" ಎಂದಳು. ಹಿಂದೆ ನಿಂತವರು ಕಿವಿಯನ್ನು ಮೊರದಗಲ ಮಾಡಿಕೊಂಡಿದ್ದರು. ಆಲ್ವಿನ್ ಬರಿಗೈಯಲ್ಲಿ ಹೊರಬಿದ್ದ. ಹೊಟ್ಟೆ ಖಾಲಿ, ತಲೆಯೊಳಗೆ ಮಾತ್ರ ಬೆಣ್ಣೆಯ ಘಮ. ಹಿಮದ ಮೇಲೆ ನಡೆಯುತ್ತಿದ್ದರೂ ಮೋಡದ ಮೇಲೆ ನಡೆದಂತೆ.

ಬೇಕರಿಯವನು ಗಿರಾಕಿಗೆ 'ಅದ್ಯೂ' ಎಂದು ವಿದಾಯ ಹೇಳಿ ಬೆಳಿಗ್ಗೆಯೇ ಸೋತಿದ್ದ. ದರ್ಜಿ 'ಬ್ಲೌಸ್' ಎಂದು ಕೆಟ್ಟ. ಸಂಜೆ ಐದಕ್ಕೆ ಉಳಿದವರು ಇಬ್ಬರೇ: ಆಲ್ವಿನ್ ಮತ್ತು ಮೇಷ್ಟ್ರು. ಮೇಷ್ಟ್ರಿಗೂ ದಿನವಿಡೀ ಬರೀ ಆಲೂಗಡ್ಡೆಯೇ ಊಟ.

"ಗಂಟೆ ಹೊಡೆಯೋ ತನಕ ಕೂತು ನೋಡೋ, ಪಾಪ," ಎಂದು ಬಿಯರ್ ಅಂಗಡಿಯ ರೋಸಿನಕ್ಕ ಆಲ್ವಿನನನ್ನು ಕುರ್ಚಿಗೆ ನೂಕಿದಳು.

ಬೆನ್ನಿಗೆ ಒಲೆಯ ಬಿಸಿ ಏರಿತು. ಹನ್ನೊಂದು ಚಳಿಗಾಲ ಬೆಣ್ಣೆಯ ಹಾಗೆ ಕರಗಿತು. ಕಣ್ಣು ಮುಚ್ಚಿದರೆ ಹೊಳೆಯ ಮೇಲೆ ತೇಲುವ ಮನೆ, ಹೊಂಬಿಸಿಲು, ತಟ್ಟೆ ಹಿಡಿದು ಸಾಲಾಗಿ ಬರುವ ಬಿಳಿ ಬಾತುಗಳು.

"ಬಾಲ್ಕನಿ..." ಎಂದ ಆಲ್ವಿನ್, ನಿದ್ದೆಯಲ್ಲಿ. "ಸೋಫಾ... ಆಮ್ಲೆಟ್..."

"ಸೋತ! ಸೋತ!" ದರ್ಜಿ ಕುಣಿದ.

"ಶ್ಶ್!" ಮೇಷ್ಟ್ರು ಮುಂದಕ್ಕೆ ಬಾಗಿದರು. ಅವರ ಕಣ್ಣೂ ಅರ್ಧ ಮುಚ್ಚಿತ್ತು.

"ಕಟ್ಲೆಟ್... ಬಿಸಿಬಿಸಿ..."

"ಮೇಲೆ ಒಂದಿಷ್ಟು ಸಾಸ್ ಸುರಿಯಪ್ಪಾ," ಎಂದರು ಮೇಷ್ಟ್ರು, ತುಟಿ ಸವರುತ್ತಾ.

ಆಗ ಚರ್ಚಿನ ಗಂಟೆ ಆರು ಹೊಡೆಯಿತು.

ರೋಸಿನಕ್ಕ ಗೋಡೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತಾ ಒಂಬತ್ತೂ ಹೆಸರು ದಾಟಿ, ಹತ್ತನೆಯದರ ಬಳಿ ನಿಂತಳು. ನಿಯಮ ನಿಯಮವೇ, ಬರೆದವರೂ ಬಾಯಿ ಬಿಡುವ ಹಾಗಿರಲಿಲ್ಲ.

ಎಚ್ಚರವಾದಾಗ ಆಲ್ವಿನ್ ಮುಕ್ಕಾಲಿಯ ಮೇಲಿದ್ದ. ಬಾಗಿಲು ತೆರೆಯಿತು, ಹಿಮಗಾಳಿ ಹಳೆಯ ಗೆಳೆಯನಂತೆ ಮೊಣಕಾಲು ತಬ್ಬಿತು. ಒಲೆಯ ಬಳಿ ವಾಲ್ಡಿ ಮೆತ್ತೆಯ ಮೇಲೆ ಸುರುಳಿಯಾಗಿ ಗೊರಕೆ ಹೊಡೆಯುತ್ತಿತ್ತು.

"ಹೋಗ್ಲಿ ಬಿಡಕ್ಕಾ, ಒಂದು ಆಮ್ಲೆಟ್ ಆದ್ರೂ ಕೊಡು," ಎಂದ, ಬಾಯಿ ತುಂಬಾ.

"ಅಯ್ಯೋ ಆಲ್ವಿನ್, ಇದ್ದ ನಾಕು ಮೊಟ್ಟೇನೂ ವಾಲ್ಡಿಗೆ ಹಾಕ್ಬಿಟ್ನಲ್ಲೋ. ಪಾಪ, ಗೆದ್ದದ್ದು ಅದೇ ತಾನೇ?"