ಇನ್ನೂ ಹುಟ್ಟದ ಚೀಟಿ

ಬೀಗದಣ್ಣನಿಗೆ ಬೇಕಾಗಿದ್ದುದು ಒಂದು ವಾರದ ರಜೆ, ಅಷ್ಟೇ. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದಾಗಿನಿಂದ ಹೇಳುತ್ತಲೇ ಬಂದಿದ್ದ. ಈ ಸಲ ಅವಳು ಪೆಟ್ಟಿಗೆ ತುಂಬಿ ಬಾಗಿಲ ಬಳಿಯೇ ಇಟ್ಟು, ಇವತ್ತು ರಜೆ ಸಿಗದಿದ್ದರೆ ನಾಳೆ ತಾನೊಬ್ಬಳೇ ಬಸ್ಸು ಹತ್ತುವುದಾಗಿ ಹೇಳಿ ಕಳಿಸಿದ್ದಳು.

ರಜೆಗೆ ಅಡ್ಡ ನಿಂತದ್ದು ಒಂದು ಲೈಬ್ರರಿ. ಪುಸ್ತಕದ್ದಲ್ಲ, ಬೇರೆ ಯಾರೋ ಬರೆದಿಟ್ಟ ಸಿದ್ಧ ಕೋಡಿನ ಗಂಟು. ಆಫೀಸಿನ ಲಾಗಿನ್ ಪುಟಗಳೆಲ್ಲ ಅವನ ಸುಪರ್ದಿಯಲ್ಲಿದ್ದುದರಿಂದಲೇ ಅವನಿಗೆ ಆ ಅಡ್ಡಹೆಸರು ಬಿದ್ದದ್ದು. ಪಾಸ್‌ವರ್ಡ್ ಕಾಯುವ ತಾಪತ್ರಯ ಇನ್ನು ಸಾಕು, ಕ್ಲೌಡಿನಲ್ಲಿ ಅದಕ್ಕೆಂದೇ ಒಂದು ಸೇವೆಯಿದೆ, ಗುರುತು ಹಿಡಿದು ಚೀಟಿ ಕೊಡುವುದು ಅದರ ಕೆಲಸ, ಚೀಟಿ ನೋಡಿ ಒಳಗೆ ಬಿಡುವುದು ನಮ್ಮ ಸರ್ವರಿನ ಕೆಲಸ ಎಂದು ಆಫೀಸಿನ ಮುಖ್ಯಸ್ಥೆ ಮೇಡಂ ತೀರ್ಮಾನಿಸಿದ್ದರು. ಇಬ್ಬರ ನಡುವೆ ಮಾತುಕತೆ ನಡೆಸುವುದು ಈ ಲೈಬ್ರರಿ. ಈ ಹೊಸ ಲಾಗಿನ್ ಬಾಗಿಲಿನಿಂದಲೇ ಒಳಗೆ ಹೋಗಿ ಸಂಜೆ ಐದರೊಳಗೆ ಅರ್ಜಿ ಹಾಕಿದರೆ ರಜೆ, ಇಲ್ಲವಾದರೆ ಇಲ್ಲ.

ಬೆಳಿಗ್ಗೆ ಎಂದಿನಂತೆ ಏದುಸಿರು ಬಿಡುತ್ತ ಬಂದ. ಸರ್ವರಿಗೆ ಜೋಡಿಸಿದ್ದ ಹಾಜರಿ ಯಂತ್ರ ಎಂದಿನಂತೆ ಹಸಿರು ದೀಪ ತೋರಿಸಿತು. ಅವನ ಹಿಂದೆಯೇ ಓಡಿಬಂದ ಲೆಕ್ಕದಕ್ಕ, ಈ ಯಂತ್ರಕ್ಕಿರುವ ಕರುಣೆ ಮನುಷ್ಯರಿಗಿಲ್ಲ ಎಂದು ಅದಕ್ಕೆ ಕೈಮುಗಿದಳು.

ಲೈಬ್ರರಿ ಇಳಿಸಿಕೊಂಡ, ಜೋಡಿಸಿದ, ಲಾಗಿನ್ ಒತ್ತಿದ. ಪರದೆ ಹೇಳಿದ್ದರ ತಾತ್ಪರ್ಯ ಇಷ್ಟು: ಈ ಚೀಟಿ ಇನ್ನೂ ಹುಟ್ಟಿಲ್ಲ.

ಮತ್ತೆ ಒತ್ತಿದ. ಆಗಲೂ ಹುಟ್ಟಿರಲಿಲ್ಲ.

ಪಕ್ಕದ ಮೇಜಿನ ಹಿರಿಯರನ್ನು ಎಲ್ಲರೂ ಚಿಕ್ಕಪ್ಪ ಎನ್ನುತ್ತಿದ್ದರು. ಕೇಳದಿದ್ದರೂ ಬುದ್ಧಿ ಹೇಳುವುದರಲ್ಲಿ ಅವರದು ಎತ್ತಿದ ಕೈ. "ಹೊಸದೆಲ್ಲ ಹೀಗೇ ಕಣಯ್ಯ. ಹಳೇದು ಹಾಕಿ ನೋಡು, ಬಂಗಾರದಂಥದ್ದು," ಎಂದರು. ಲೈಬ್ರರಿಯ ಹಳೆಯ ಆವೃತ್ತಿ ಹಾಕಿದ. ಲಾಗಿನ್ ಗುಂಡಿಯೇ ಮಾಯವಾಯಿತು. ಅದನ್ನು ಮರಳಿ ತರುವುದರೊಳಗೆ ಊಟದ ಹೊತ್ತು ಕಳೆಯಿತು.

ಆಮೇಲೆ ಲೆಕ್ಕದಕ್ಕ ಬಂದಳು. ಅವಳ ಮನೆಯ ಟಿವಿಗೂ ಹೀಗೇ ಆಗಿತ್ತಂತೆ, ಆರಿಸಿ ಹಾಕಿದ ಮೇಲೆ ಸರಿಹೋಯಿತಂತೆ. ಹೇಳುತ್ತ ಹೇಳುತ್ತ ಗೋಡೆಯ ಸ್ವಿಚ್ಚನ್ನು ಆರಿಸಿಯೇಬಿಟ್ಟಳು. ಚಿಕ್ಕಪ್ಪ ಬೆಳಗಿನಿಂದ ಬರೆದ ವರದಿ ನೀರಿನಲ್ಲಿ ಹೋಮವಾಯಿತು. ಅವರಿಬ್ಬರ ಜಗಳ ಬಿಡಿಸುವ ಕೆಲಸವೂ ಬೀಗದಣ್ಣನ ತಲೆಗೇ ಬಂತು.

ಅಷ್ಟರಲ್ಲಿ ಹೆಂಡತಿಯ ಫೋನು. "ಎರಡು ಟಿಕೆಟ್ ತಗೊಳ್ಳಲಾ, ಒಂದಾ?"

"ಸ್ವಲ್ಪ ತಡಿ, ಇನ್ನೂ ಐದಾಗಿಲ್ಲ."

"ನನ್ನ ಗಡಿಯಾರದಲ್ಲಿ ಆಗಿಹೋಯ್ತು," ಎಂದು ಫೋನಿಟ್ಟಳು.

ಬೀಗದಣ್ಣ ಪರದೆಯ ಮೂಲೆಯಲ್ಲಿ ಸರ್ವರಿನ ಗಡಿಯಾರ ನೋಡಿದ. ಐದಕ್ಕೆ ಹತ್ತು ನಿಮಿಷವಿತ್ತು. ತಟ್ಟನೆ ಏನೋ ಹೊಳೆಯಿತು. ಚೀಟಿಯ ಮೇಲೆ ಕ್ಲೌಡಿನವರು ಹೊತ್ತು ಬರೆದು ಕಳಿಸುತ್ತಾರೆ. ಅದು ಇಲ್ಲಿಗೆ ಬಂದಾಗ ಇನ್ನೂ ಹುಟ್ಟಿಲ್ಲವೆಂದರೆ ತಪ್ಪು ಚೀಟಿಯದಲ್ಲ, ನೋಡುವವನ ಗಡಿಯಾರದ್ದು. ಸರ್ವರಿನ ಗಡಿಯಾರ ಕಾಲು ಗಂಟೆ ಹಿಂದಿತ್ತು. ಅವನು ಹಾಜರಿ ಯಂತ್ರದ ಕಡೆ ಒಮ್ಮೆ ತಿರುಗಿ ನೋಡಿದ. ಏಕೆಂದು ಯಾರೂ ಕೇಳಲಿಲ್ಲ.

ಗಡಿಯಾರ ಸರಿಪಡಿಸಿ ಲಾಗಿನ್ ಒತ್ತಿದ. ಬಾಗಿಲು ಬೆಣ್ಣೆಯ ಹಾಗೆ ತೆರೆಯಿತು. ಮೇಡಂ ಓಡಿಬಂದು ಬೆನ್ನು ತಟ್ಟಿದರು. ಇದ್ದಕ್ಕಿದ್ದಂತೆ ಮನೆಗೆ ಹೋಗುವ ಹೊತ್ತಾದುದನ್ನು ಕಂಡು ಲೆಕ್ಕದಕ್ಕ, ಇಂಥ ಲೈಬ್ರರಿ ದಿನಕ್ಕೊಂದು ಬರಲಿ ಎಂದು ಚೀಲ ಹೆಗಲಿಗೇರಿಸಿದಳು.

ಬೀಗದಣ್ಣ ರಜೆಯ ಅರ್ಜಿಯ ಗುಂಡಿ ಒತ್ತಿದ. ಐದು ಗಂಟೆ ಮೀರಿದೆ, ಅರ್ಜಿ ಸ್ವೀಕರಿಸಲಾಗದು ಎಂದಿತು ಪರದೆ.

"ಮೇಡಂ, ಈಗ ತಾನೇ ಐದಕ್ಕೆ ಹತ್ತು ನಿಮಿಷ ಇತ್ತು. ಗಡಿಯಾರ ಕಾಲು ಗಂಟೆ ಹಿಂದಿತ್ತು, ನಾನು ಸರಿ ಮಾಡಿದೆ, ಅದಕ್ಕೇ..."

"ಹಿಂದಿತ್ತಾ?" ಮೇಡಂ ಹಾಜರಿ ಯಂತ್ರದ ಕಡೆ ತಿರುಗಿದರು. "ಅದಕ್ಕೇ ಇಲ್ಲಿ ಯಾರೂ ಲೇಟಾಗೋದಿಲ್ಲ. ಹಿಂದಕ್ಕೆ ತಿರುಗಿಸಿದ್ದು ಯಾರು?"

ಬೀಗದಣ್ಣ ಕೀಲಿಮಣೆಯ ಧೂಳು ಒರೆಸತೊಡಗಿದ. ತಡವಾಗಿ ಬಂದದ್ದಕ್ಕೆ ಇನ್ನೊಂದು ಕೆಂಪು ಗುರುತು ಬಿದ್ದರೆ ಕೆಲಸಕ್ಕೇ ಸಂಚಕಾರವೆಂದು ಮೇಡಂ ಹೆದರಿಸಿದ್ದ ದಿನ, ಎಲ್ಲರೂ ಊಟಕ್ಕೆ ಹೋದಾಗ, ಸರ್ವರಿನ ಮುಂದೆ ಕೂತಿದ್ದವನು ಅವನೊಬ್ಬನೇ. ಮಾಡಿ ಮರೆತೂ ಬಿಟ್ಟಿದ್ದ. ಮಾಡಿದ್ದುಣ್ಣೋ ಮಹಾರಾಯ.

"ನಿಮಗೆ ಹೇಗೆ ಗೊತ್ತಿರುತ್ತೆ, ಪಾಪ," ಎಂದರು ಮೇಡಂ. "ಈ ವಾರ ಬೇರೆ ಕೆಲಸ ಬೇಡ, ಆ ಕಳ್ಳನ್ನ ಹುಡುಕಿ ಕೊಡಿ. ನಿಮ್ಮನ್ನ ಬಿಟ್ರೆ ಯಾರ ಕೈಲೂ ಆಗಲ್ಲ. ಬೆಳಿಗ್ಗೆ ಒಂಬತ್ತಕ್ಕೇ ಬನ್ನಿ. ಗಡಿಯಾರ ಈಗ ಸರಿ ಇದೆಯಲ್ಲ."

ಫೋನು ಮತ್ತೆ ಹೊಡೆದುಕೊಂಡಿತು. ಬೀಗದಣ್ಣ ಎತ್ತಿ, ಅವಳು ಕೇಳುವ ಮೊದಲೇ, "ಒಂದೇ ತಗೋ," ಎಂದ.